ಕೊಡಲಿಗೆ ಕಾವು ಹಾಕಿದ ಕೈ

ಅನಸ್ ಬಿನ್ ಮಾಲಿಕ್(ರ) ವರದಿ ಮಾಡಿರುವ, ಸುನನ್ ಅಬೂದಾವೂದ್‌ನಲ್ಲಿ ದಾಖಲಾಗಿರುವ ಒಂದು ಘಟನೆ ನಮ್ಮ ಜುಮಾ ಪ್ರವಚನಗಳಲ್ಲಿ ಆಗಾಗ ಕೇಳಿಬರುತ್ತದೆ. ಅನ್ಸಾರ್‌ಗಳಲ್ಲೊಬ್ಬರು ಪ್ರವಾದಿ(ಸ)ರ ಬಳಿಗೆ ಬಂದು ನೆರವು ಯಾಚಿಸಿದರು. ಮನೆಯಲ್ಲಿ ಏನೂ ಇಲ್ಲವೇ ಎಂದು ಪ್ರವಾದಿ(ಸ) ವಿಚಾರಿಸಿದರು. ಅರ್ಧ ಹೊದ್ದು ಅರ್ಧ ಹಾಸಿಕೊಳ್ಳುವ ಒಂದು ದಪ್ಪ ಬಟ್ಟೆ ಮತ್ತು ನೀರು ಕುಡಿಯುವ ಒಂದು ಬಟ್ಟಲು ಮಾತ್ರ ಇವೆ ಎಂದರು ಆ ಸಹಾಬಿ. ಅವೆರಡನ್ನೂ ತರಿಸಿಕೊಂಡ ಪ್ರವಾದಿ(ಸ) ಸಭೆಯಲ್ಲಿಯೇ ಹರಾಜು ಹಾಕಿದರು. ಒಬ್ಬರು ಒಂದು ದಿರ್‌ಹಮ್ ಎಂದರು, ಇನ್ನೊಬ್ಬರು ಎರಡು ಕೊಟ್ಟು ಕೊಂಡರು. ಒಂದು ದಿರ್‌ಹಮ್ಮಿಗೆ ಮನೆಯವರಿಗಾಗಿ ಆಹಾರ, ಇನ್ನೊಂದಕ್ಕೆ ಒಂದು ಕೊಡಲಿ. ಕೊಡಲಿಯನ್ನು ತಂದಾಗ ಪ್ರವಾದಿ(ಸ) ತಮ್ಮ ಕೈಯಿಂದಲೇ ಅದಕ್ಕೆ ಕಾವು ಹಾಕಿ, ಕಟ್ಟಿಗೆ ಕಡಿದು ಮಾರುವಂತೆಯೂ ಹದಿನೈದು ದಿನ ತಮ್ಮ ಕಣ್ಣಿಗೆ ಬೀಳದಂತೆಯೂ ಹೇಳಿ ಕಳುಹಿಸಿದರು. ಆತ ಮರಳಿ ಬಂದಾಗ ಹತ್ತು ದಿರ್‌ಹಮ್ ಸಂಪಾದಿಸಿದ್ದರು.

ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಎಲ್ಲರೂ ಬಲ್ಲರು. ಮದೀನಾದ ಈ ಕಾವು ಮಾತ್ರ ಒಂದು ಕುಟುಂಬವನ್ನು ಬದುಕಿಸಿತು.

ಈ ಘಟನೆಯನ್ನು ಹೇಳುವವರು ಸಾಮಾನ್ಯವಾಗಿ ಯಾಚನೆ ಕೀಳು, ದುಡಿಮೆ ಮೇಲು ಎಂಬಲ್ಲಿಗೆ ನಿಲ್ಲಿಸುತ್ತಾರೆ. ಅದು ಸರಿಯೇ. ಆದರೆ ಆ ಬಡವನಿಗೆ ದುಡಿಮೆಯ ಮಹಿಮೆಯ ಕುರಿತು ಬರಿಯ ಪ್ರವಚನ ಸಿಗಲಿಲ್ಲ ಎಂಬುದನ್ನು ಗಮನಿಸಬೇಕು. ಮೊದಲು ಆತನ ಮನೆಯ ಸ್ಥಿತಿಯ ವಿಚಾರಣೆ ನಡೆಯಿತು. ಕೆಲಸ ಆರಂಭವಾಗುವುದಕ್ಕೆ ಮುನ್ನ ಮನೆಗೆ ಊಟ ಹೋಯಿತು. ಕೈಗೆ ಉಪಕರಣ ಬಂತು, ಅದೂ ಬಳಕೆಗೆ ಸಿದ್ಧವಾಗಿ. ಎಲ್ಲಕ್ಕಿಂತ ಮುಖ್ಯವಾಗಿ, ಏನಾಯಿತೆಂದು ನೋಡಲು ಒಂದು ದಿನ ಗೊತ್ತಾಯಿತು. ಇಂದಿನ ಸರಕಾರಿ ತರಬೇತಿ ಮತ್ತು ಉದ್ಯೋಗ ಯೋಜನೆಗಳನ್ನು ಈ ಘಟನೆಯ ಪಕ್ಕದಲ್ಲಿಟ್ಟು ನೋಡಿದರೆ, ಅವುಗಳಲ್ಲಿ ಏನಿದೆ, ಏನಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಇಲ್ಲದಿರುವುದು ಬಹುಪಾಲು ಆ ಹದಿನೈದನೆಯ ದಿನವೇ ಎಂದು ನನಗನಿಸುತ್ತದೆ. ಅದನ್ನು ತುಂಬಿಕೊಡಲು ನಮ್ಮ ಮೊಹಲ್ಲಾಗಳಿಗೆ ಸಾಧ್ಯವಿದೆ ಎಂಬುದೇ ಈ ಲೇಖನದ ವಾದ.

ಬೀದರ್ ಜಿಲ್ಲೆಗೆ ಇಂತಹ ಯೋಜನೆಗಳು ಹೊಸತಲ್ಲ. 2005ರ ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಜಾರಿಗೆ ಬಂದಾಗ, ಮೊದಲ ಹಂತದಲ್ಲಿ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಬೀದರ್ ಒಂದಾಗಿತ್ತು. ಕೆಲಸ ಕೇಳಿದ 15 ದಿನಗಳೊಳಗೆ ಕೆಲಸ ಕೊಡಬೇಕು, ಇಲ್ಲವಾದರೆ ನಿರುದ್ಯೋಗ ಭತ್ಯೆ ನೀಡಬೇಕು ಎಂಬುದು ಆ ಕಾಯ್ದೆಯ ಜೀವಾಳ. ಕಾಕತಾಳೀಯವೇ ಇರಬಹುದು, ಇಲ್ಲಿಯೂ ಹದಿನೈದೇ ದಿನ. 2025ರ ಡಿಸೆಂಬರಿನಲ್ಲಿ ಸಂಸತ್ತು ಇದರ ಬದಲಿಗೆ 125 ದಿನಗಳ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಹಳೆಯದಾಗಲಿ ಹೊಸದಾಗಲಿ, ಎರಡೂ ಹಳ್ಳಿಗಳಿಗೆ ಮಾತ್ರ ಅನ್ವಯ. ಔರಾದ್ ತಾಲೂಕಿನ ಹಳ್ಳಿಯ ಕೂಲಿಕಾರನಿಗೆ ಇರುವ ಈ ಹಕ್ಕು ಬೀದರ್ ನಗರದ ಹಳೆಯ ಕೋಟೆಯೊಳಗಿನ ಓಣಿಯಲ್ಲಿ ಬಾಡಿಗೆ ಕೋಣೆಯಲ್ಲಿರುವ ಹಮಾಲನಿಗಿಲ್ಲ, ಭಾಲ್ಕಿ ಪಟ್ಟಣದ ಗ್ಯಾರೇಜಿನ ಹುಡುಗನಿಗೂ ಇಲ್ಲ. ನಮ್ಮ ಸಮುದಾಯದ ದೊಡ್ಡ ಭಾಗ ಪಟ್ಟಣವಾಸಿಯಾಗಿರುವಾಗ ಇದು ಸಣ್ಣ ಕೊರತೆಯಲ್ಲ.

ಪಟ್ಟಣದ ಯುವಕರಿಗೆ ಉಳಿಯುವುದು ತರಬೇತಿ ಯೋಜನೆಗಳು. ಇವುಗಳ ಹೆಸರುಗಳನ್ನು ನೆನಪಿಟ್ಟುಕೊಳ್ಳುವುದೇ ಒಂದು ಪರೀಕ್ಷೆ. ಕೇಂದ್ರದ ಕೌಶಲ ವಿಕಾಸ ಯೋಜನೆ 2015ರಲ್ಲಿ ಬಂತು. ಗ್ರಾಮೀಣ ಯುವಜನರಿಗಾಗಿ ದೀನ್ ದಯಾಳ್ ಹೆಸರಿನ ಯೋಜನೆ ಅದಕ್ಕೂ ಒಂದು ವರ್ಷ ಮುಂಚಿನದು. ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಯೋಜನೆ 2017ರದು. ಅಲ್ಪಸಂಖ್ಯಾತರಿಗೆಂದೇ ಸೀಖೋ ಔರ್ ಕಮಾವೊ, ಉಸ್ತಾದ್, ನಯೀ ಮಂಜಿಲ್ ಎಂದು ಮೂರು ಬಂದವು. ಮುಂದೆ ಅವೆಲ್ಲ ಪಿಎಂ ವಿಕಾಸ್ ಎಂಬ ಒಂದೇ ಹೆಸರಿನಡಿ ವಿಲೀನಗೊಂಡವು. ಹೆಸರು ಬದಲಾದಾಗಲೆಲ್ಲ ಅರ್ಜಿಯ ನಮೂನೆ ಬದಲಾಗುತ್ತದೆ, ಜಾಲತಾಣ ಬದಲಾಗುತ್ತದೆ. ಹಿಂದಿನ ವರ್ಷ ಕಾಗದಪತ್ರ ಹೊಂದಿಸಿಕೊಂಡಿದ್ದ ಬಡವ ಮತ್ತೆ ಮೊದಲ ಮೆಟ್ಟಿಲಿಗೇ ಬಂದು ನಿಲ್ಲುತ್ತಾನೆ.

ಹೀಗಿದ್ದರೂ ಇವು ಪ್ರಯೋಜನವಿಲ್ಲದ ಯೋಜನೆಗಳಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಿಂದ ಎರಡು ಬ್ಯಾಂಕುಗಳ ಜೊತೆಗೂಡಿ ಆರಂಭವಾದ ರುಡ್‌ಸೆಟ್ ಸಂಸ್ಥೆಯನ್ನೇ ನೋಡಿ. ಊಟ ವಸತಿ ಉಚಿತ, ಕಲಿಕೆಯೂ ಉಚಿತ. ತರಬೇತಿ ಮುಗಿದ ನಂತರವೂ ಅಭ್ಯರ್ಥಿಯ ಬೆನ್ನು ಬಿಡದೆ, ಅಂಗಡಿ ತೆರೆದನೇ, ಸಾಲ ಸಿಕ್ಕಿತೇ ಎಂದು ವಿಚಾರಿಸುವುದು ಅಲ್ಲಿನ ಕ್ರಮ. ಆ ಮಾದರಿ ಎಷ್ಟು ಫಲ ಕೊಟ್ಟಿತೆಂದರೆ, ಮುಂದೆ ಕೇಂದ್ರ ಸರಕಾರವೇ ಪ್ರತಿ ಜಿಲ್ಲೆಗೊಂದು ಅಂತಹ ಸಂಸ್ಥೆಯನ್ನು ಬ್ಯಾಂಕುಗಳ ಮೂಲಕ ನಡೆಸುವ ನಿರ್ಧಾರ ಮಾಡಿತು. ಆ ಮಾದರಿಯನ್ನು ಗೆಲ್ಲಿಸಿದ್ದು ತರಬೇತಿಯ ನಂತರದ ವಿಚಾರಣೆ. ಇನ್ನೊಂದು ಕಡೆ, ಕೌಶಲ ವಿಕಾಸ ಯೋಜನೆಯ ಕುರಿತು ಮಹಾಲೇಖಪಾಲರು ಸಿದ್ಧಪಡಿಸಿದ, 2025ರ ಡಿಸೆಂಬರಿನಲ್ಲಿ ಸಂಸತ್ತಿನ ಮುಂದಿಡಲಾದ ವರದಿಯನ್ನು ನೋಡಿ. ಅಭ್ಯರ್ಥಿಗಳ ಪೈಕಿ ಹೆಚ್ಚಿನವರ ಬ್ಯಾಂಕ್ ಖಾತೆಯ ವಿವರದ ಜಾಗದಲ್ಲಿ ಸೊನ್ನೆಗಳು ಅಥವಾ ಖಾಲಿ ಸ್ಥಳ ಇದ್ದುದನ್ನು, ಒಂದೇ ಭಾವಚಿತ್ರ ಹಲವರ ಹೆಸರಿನಲ್ಲಿ ಬಳಕೆಯಾದುದನ್ನು ಅದು ಎತ್ತಿ ತೋರಿಸಿದೆ. ಬೆರಳೊತ್ತಿ ಹಾಜರಾತಿ ಹಾಕಿ, ಕಲಿಯದೆಯೇ ಪ್ರಮಾಣಪತ್ರ ಪಡೆದು ಹೊರಬಂದವನ ಕೈಯಲ್ಲಿರುವುದು ಕಾವಿಲ್ಲದ ಕೊಡಲಿಯೂ ಅಲ್ಲ, ಕೊಡಲಿಯ ಚಿತ್ರ ಮಾತ್ರ.

ಬೀದರಿನ ಮಾತು ಬಂದಾಗ ಬಿದ್ರಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಹಮನಿ ಸುಲ್ತಾನರ ಕಾಲದಿಂದ ಬಂದ ಈ ಕಲೆ ಇಂದಿಗೂ ಚೌಬಾರಾದ ಆಸುಪಾಸಿನ ಚಿಕ್ಕ ಕಾರ್ಖಾನೆಗಳಲ್ಲಿ ಉಸಿರಾಡುತ್ತಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕುದಿಸಿದ ದ್ರಾವಣದಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಬಿದ್ರಿಗೆ ಭೌಗೋಳಿಕ ಸೂಚ್ಯಂಕ ದೊರೆತಿದೆ. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇಡೀ ಜಿಲ್ಲೆ ಸಂತೋಷಪಟ್ಟಿತು. ಸಂತೋಷ ಪಡಬೇಕಾದುದೇ.

ಅದೇ 2023ರ ಸೆಪ್ಟೆಂಬರ್ 17ರಂದು ಕುಶಲಕರ್ಮಿಗಳಿಗಾಗಿ ಪಿಎಂ ವಿಶ್ವಕರ್ಮ ಯೋಜನೆ ಆರಂಭವಾಯಿತು. ಐದರಿಂದ ಏಳು ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿಯ ನೆರವು, ಆನಂತರ ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷದವರೆಗೆ ಸಾಲ. ಉಪಕರಣ ಮತ್ತು ತರಬೇತಿಯ ದಿನದ ಊಟದ ಖರ್ಚು ಎರಡನ್ನೂ ಒಟ್ಟಿಗೆ ಯೋಚಿಸಿದ ಯೋಜನೆಯಿದು. ಮದೀನಾದ ಎರಡು ದಿರ್‌ಹಮ್‌ಗಳ ಹಂಚಿಕೆಗೆ ಇಷ್ಟು ಸಮೀಪದ ಯೋಜನೆ ಇತ್ತೀಚೆಗೆ ಬಂದದ್ದು ಕಡಿಮೆ. ಆದರೆ ಅದರಲ್ಲಿರುವ 18 ಕಸುಬುಗಳ ಪಟ್ಟಿಯನ್ನು ಓದಿ ನೋಡಿ. ಬಡಗಿ, ಕಮ್ಮಾರ, ಕುಂಬಾರ, ಅಕ್ಕಸಾಲಿಗ, ಗಾರೆ ಕೆಲಸದವ, ಕ್ಷೌರಿಕ, ಅಗಸ, ದರ್ಜಿ, ಬೀಗ ಮಾಡುವವ, ಮೀನಿನ ಬಲೆ ಹೆಣೆಯುವವ, ದೋಣಿ ಕಟ್ಟುವವ ಎಲ್ಲರೂ ಇದ್ದಾರೆ. ಬಿದ್ರಿ ಕೆಲಸದವನ ಹೆಸರು ಅಲ್ಲಿಲ್ಲ. ಸಮುದ್ರವನ್ನೇ ಕಾಣದ ನಮ್ಮ ಜಿಲ್ಲೆಗೆ ದೋಣಿ ಕಟ್ಟುವವರ ಕಲಂ ಒದಗಿದೆ, ಐದು ನೂರು ವರ್ಷಕ್ಕೂ ಹಳೆಯ ನಮ್ಮ ಕಸುಬಿನ ಕಲಂ ಇಲ್ಲ. ಈ ಪಟ್ಟಿಗೆ ಬಿದ್ರಿಯನ್ನು ಸೇರಿಸಬೇಕೆಂದು ಜಿಲ್ಲೆಯ ಶಾಸಕರನ್ನೂ ಸಂಸದರನ್ನೂ ಕೇಳುವುದು ನ್ಯಾಯವಾದ ಬೇಡಿಕೆ.

ಬಿದ್ರಿಯ ಕಾರ್ಖಾನೆಯಲ್ಲಿ ಉಸ್ತಾದರ ಕೈಕೆಳಗೆ ಹತ್ತು ವರ್ಷ ಕಲಿತ ಶಾಗಿರ್ದನಿಗೆ ಸರಕಾರದ ದೃಷ್ಟಿಯಲ್ಲಿ ಯಾವ ತರಬೇತಿಯೂ ಆಗಿಲ್ಲ. ಮೂರು ತಿಂಗಳು ಗಣಕಯಂತ್ರದ ಮುಂದೆ ಕುಳಿತವನಿಗೆ ಪ್ರಮಾಣಪತ್ರವಿದೆ. ಈಗಾಗಲೇ ಕಲಿತ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಅವಕಾಶ ಕೌಶಲ ವಿಕಾಸ ಯೋಜನೆಯಲ್ಲಿಯೇ ಇದೆ. ಅದನ್ನು ನಮ್ಮ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ದರ್ಜಿಯಂಗಡಿಗಳ ಹುಡುಗರಿಗೆ ತಿಳಿಸಿ ಹೇಳಿದವರು ವಿರಳ. ಬೆಳ್ಳಿಯ ಬೆಲೆ ಏರಿ, ಕೂಲಿ ಏರದೆ, ಎಷ್ಟೋ ಬಿದ್ರಿ ಮನೆಗಳ ಮಕ್ಕಳು ಆಟೋ ಹಿಡಿದಿದ್ದಾರೆ. ಆಟೋ ಓಡಿಸುವುದೂ ಹಲಾಲ್ ದುಡಿಮೆಯೇ, ಅದನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಆದರೆ ಕೈಬಿಟ್ಟ ಕಸುಬನ್ನು ಮತ್ತೆ ಕಲಿಸಲು ಉಸ್ತಾದರು ಉಳಿದಿರುವುದಿಲ್ಲ.

ಇನ್ನು ಯುವನಿಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಈ ಯೋಜನೆಯಡಿ, ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ ಸಿಗುತ್ತದೆ. ಕೆಲಸ ಸಿಕ್ಕರೆ, ಉನ್ನತ ವ್ಯಾಸಂಗಕ್ಕೆ ಸೇರಿದರೆ ನಿಲ್ಲುತ್ತದೆ. ತಾನಿನ್ನೂ ನಿರುದ್ಯೋಗಿ ಎಂದು ಫಲಾನುಭವಿಯೇ ನಿಗದಿತ ಅವಧಿಗೊಮ್ಮೆ ಸ್ವಯಂ ಘೋಷಣೆ ಸಲ್ಲಿಸಬೇಕು.

ಈ ಯೋಜನೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ತಪ್ಪು ತಿಳಿವಳಿಕೆಯಿದೆ. ಒಂದು, ಮರ್ಯಾದಸ್ಥ ಕುಟುಂಬದ ಮಗ ಅಥವಾ ಮಗಳು ಸರಕಾರದ ಮುಂದೆ ಕೈಚಾಚುವುದು ಭಿಕ್ಷೆಗೆ ಸಮಾನ ಎಂಬುದು. ಅದು ಸರಿಯಲ್ಲ. ಸಾರ್ವಜನಿಕ ಖಜಾನೆಯಲ್ಲಿ ಅಗತ್ಯವುಳ್ಳವನಿಗೆ ಹಕ್ಕಿದೆ ಎಂಬುದು ಇಸ್ಲಾಮಿನ ಇತಿಹಾಸಕ್ಕೆ ಚೆನ್ನಾಗಿ ಗೊತ್ತು. ಬಾಗಿಲಲ್ಲಿ ಬೇಡುತ್ತಿದ್ದ ಒಬ್ಬ ವೃದ್ಧ ಯಹೂದಿಯನ್ನು ಕಂಡ ಖಲೀಫ ಉಮರ್(ರ) ಆತನಿಗೆ ಬೈತುಲ್ ಮಾಲ್‌ನಿಂದ ಭತ್ಯೆ ಗೊತ್ತುಮಾಡಿದರೆಂದು ಇಮಾಮ್ ಅಬೂಯೂಸುಫ್ ದಾಖಲಿಸಿದ್ದಾರೆ. ತೆರಿಗೆ ಕೊಟ್ಟ ಜನರ ಹಣ ಕೆಲಸವಿಲ್ಲದ ದಿನ ಅವರ ಮಕ್ಕಳಿಗೆ ಮರಳುವುದರಲ್ಲಿ ನಾಚಿಕೆಯ ಮಾತಿಲ್ಲ.

ಎರಡನೆಯದು ಹೆಚ್ಚು ಅಪಾಯಕಾರಿ. ಹೈದರಾಬಾದಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಸಂಬಳ ಪಡೆಯುತ್ತಿರುವವನು ಊರಿನ ಸೈಬರ್ ಕೇಂದ್ರದ ಗೆಳೆಯನಿಗೆ ಒಟಿಪಿ ಹೇಳಿ ಘೋಷಣೆ ಹಾಕಿಸುವುದು. 'ಸರಕಾರಿ ದುಡ್ಡು ತಾನೇ, ದೊಡ್ಡವರು ಕೋಟಿ ನುಂಗುವಾಗ ನಮ್ಮ ಮೂರು ಸಾವಿರ ಯಾವ ಲೆಕ್ಕ' ಎಂಬ ಮಾತು ಓದಿದವರ ಬಾಯಿಯಿಂದಲೇ ಬರುತ್ತದೆ. ಸ್ವಯಂ ಘೋಷಣೆ ಎಂಬುದು ಸಾಕ್ಷ್ಯ. ಸ್ವತಃ ತನಗೆ ಪ್ರತಿಕೂಲವಾದರೂ ಸತ್ಯದ ಸಾಕ್ಷ್ಯವನ್ನೇ ಹೇಳಬೇಕೆಂಬ ಕುರ್‌ಆನಿನ ಆದೇಶಕ್ಕೆ ಜಾಲತಾಣದ ಅರ್ಜಿ ಹೊರತಲ್ಲ. ಖೈಬರಿನ ಸೊತ್ತಿನಿಂದ ಹಂಚಿಕೆಗೆ ಮುನ್ನವೇ ಒಂದು ಹೊದಿಕೆಯನ್ನು ತೆಗೆದುಕೊಂಡವನ ಕುರಿತು ಪ್ರವಾದಿ(ಸ) ನೀಡಿದ ಎಚ್ಚರಿಕೆ ಬುಖಾರಿಯಲ್ಲಿದೆ. ಅದನ್ನು ಕೇಳಿದ ಒಬ್ಬ ವ್ಯಕ್ತಿ ತಾನು ಎತ್ತಿಕೊಂಡಿದ್ದ ಚಪ್ಪಲಿಯ ದಾರವನ್ನು ತಂದೊಪ್ಪಿಸಿದನಂತೆ. ಚಪ್ಪಲಿಯ ದಾರದ ಲೆಕ್ಕ ಕೇಳುವ ಧರ್ಮದಲ್ಲಿ ಮೂರು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಹಾಗೆಯೇ, ಹಾಜರಾತಿಗೆ ಮಾತ್ರ ಹೆಸರು ಕೊಟ್ಟು ತರಬೇತಿಯ ಭತ್ಯೆಯನ್ನು ಕೇಂದ್ರದವನೊಂದಿಗೆ ಹಂಚಿಕೊಳ್ಳುವುದೂ ಇದೇ ಸಾಲಿಗೆ ಸೇರುತ್ತದೆ. ಅದರ ನಷ್ಟ ಯಾರಿಗೆ? ಆ ಜಾಗದಲ್ಲಿ ನಿಜವಾಗಿ ಕಲಿಯಬಹುದಾಗಿದ್ದ ಇನ್ನೊಬ್ಬ ಬಡವನಿಗೆ, ಬಹುಶಃ ಅದೇ ಓಣಿಯವನಿಗೆ.

ಬಡ್ಡಿಯ ಪ್ರಶ್ನೆಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಶ್ರಮಶಕ್ತಿ ಯೋಜನೆಯಲ್ಲಿ ಸಾಲದ ಅರ್ಧವನ್ನು 36 ತಿಂಗಳೊಳಗೆ ತೀರಿಸಿದರೆ ಉಳಿದರ್ಧ ಸಹಾಯಧನವಾಗುತ್ತದೆ, ತಪ್ಪಿದರೆ ಅದೂ ಸಾಲವಾಗಿ ಉಳಿಯುತ್ತದೆ. ಅದಕ್ಕೆ ಶೇ. 4ರ ಬಡ್ಡಿಯೂ ಇದೆ. ಅನೇಕ ಕುಟುಂಬಗಳು ಈ ಒಂದು ಕಾರಣಕ್ಕಾಗಿಯೇ ಎಲ್ಲ ಯೋಜನೆಗಳಿಂದಲೂ ದೂರ ನಿಲ್ಲುತ್ತವೆ. ಅವರ ತಖ್ವಾವನ್ನು ಗೌರವಿಸುತ್ತೇನೆ, ಅವರ ತೀರ್ಮಾನ ಅವಸರದ್ದೆಂದೂ ಹೇಳುತ್ತೇನೆ. ಸಾಲ ಬೇರೆ, ತರಬೇತಿ ಬೇರೆ, ಉಪಕರಣದ ನೆರವು ಬೇರೆ. ವಿಶ್ವಕರ್ಮ ಯೋಜನೆಯಲ್ಲಿ ಸಾಲವನ್ನು ಪಡೆಯದೆಯೇ ತರಬೇತಿ ಮತ್ತು ಉಪಕರಣದ ನೆರವನ್ನು ಪಡೆಯಬಹುದು. ಸಾಲದ ಭಾಗದ ಕುರಿತು ಉಲಮಾಗಳನ್ನು ಕೇಳಿ ನಿರ್ಧರಿಸಲಿ. ಆದರೆ ಬಡ್ಡಿಯ ಸಾಲ ಬೇಡವೆಂದು ಬಡವನಿಗೆ ಹೇಳುವ ಸಮುದಾಯದ ಮೇಲೆ, ಬಡ್ಡಿಯಿಲ್ಲದ ಸಾಲದ ದಾರಿಯನ್ನು ತೆರೆದಿಡುವ ಹೊಣೆಯೂ ಇದೆ.

ಭಾಲ್ಕಿ ಮತ್ತು ಔರಾದ್‌ಗಳ ಸಂಕಟ ಬೀದರ್ ನಗರದ್ದಕ್ಕಿಂತ ಭಿನ್ನ. ಎರಡೂ ಜಿಲ್ಲಾ ಕೇಂದ್ರದಿಂದ ನಲವತ್ತು ಕಿಲೋಮೀಟರಿನಷ್ಟು ದೂರ. ಭಾಲ್ಕಿಗೆ ರೈಲಿದೆ, ಔರಾದ್‌ಗೆ ಅದೂ ಇಲ್ಲ. ತರಬೇತಿ ಬೀದರಿನಲ್ಲಿ ಎಂದಾದರೆ ಔರಾದ್‌ನ ಹೆಣ್ಣುಮಗಳು ಬೆಳಗಿನ ಬಸ್ಸು ಹಿಡಿದು ಹೋಗಿ ಕತ್ತಲಾಗುವ ಮುನ್ನ ಮರಳಬೇಕು. ಮೊದಲ ವಾರದಲ್ಲಿಯೇ ಮನೆಯವರು ಬೇಡವೆನ್ನುತ್ತಾರೆ. ಆಕೆ ಮನೆಯಲ್ಲಿಯೇ ಕುಳಿತು ನೆರೆಹೊರೆಯವರ ಬಟ್ಟೆ ಹೊಲಿಯುತ್ತಿದ್ದರೂ, ತಾನು ವಿಶ್ವಕರ್ಮ ಯೋಜನೆಯ ದರ್ಜಿಯ ಕಲಮಿಗೆ ಸೇರುತ್ತೇನೆಂದು ಆಕೆಗೆ ಗೊತ್ತಿರುವುದಿಲ್ಲ. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಈ ಸೌಲಭ್ಯ ಎಂಬ ನಿಯಮವಿರುವುದರಿಂದ, ಅರ್ಜಿ ಹಾಕುವಾಗ ನಿಜವಾಗಿ ದುಡಿಯುತ್ತಿರುವ ಹೆಂಡತಿಯ ಹೆಸರೋ ಗಂಡನ ಹೆಸರೋ ಎಂದು ಮನೆಯವರು ಕುಳಿತು ಯೋಚಿಸುವುದು ಒಳ್ಳೆಯದು.

ಇದರ ಮೇಲೆ ಭಾಷೆಯ ತೊಡಕು. ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಗಡಿನಾಡು ಮರೆತಿಲ್ಲ. 1956ರ ನಂತರ ಕಚೇರಿಯ ಭಾಷೆ ಬದಲಾಯಿತು. ಇಂದು ಉರ್ದು ಮಾಧ್ಯಮದಲ್ಲಿ ಓದಿದ ನಮ್ಮ ಹುಡುಗ ಕನ್ನಡದ ಅರ್ಜಿಯ ಮುಂದೆ ತಬ್ಬಿಬ್ಬಾಗಿ, ಓದಿ ಹೇಳಿದ್ದಕ್ಕೆ ದಲ್ಲಾಳಿಗೆ ಹಣ ಕೊಡುತ್ತಾನೆ. ಸಂವಿಧಾನದ 371(ಜೆ) ವಿಧಿಯಡಿ 2013ರಿಂದ ನಮ್ಮ ಪ್ರದೇಶದ ಸ್ಥಳೀಯ ವೃಂದದ ಸಿ ದರ್ಜೆಯ ಹುದ್ದೆಗಳಲ್ಲಿ ಶೇ. 80, ಡಿ ದರ್ಜೆಯಲ್ಲಿ ಶೇ. 85 ಸ್ಥಳೀಯರಿಗೆ ಮೀಸಲಾಗಿವೆ. ಅದರ ಅರ್ಹತಾ ಪತ್ರವನ್ನು ಉಪವಿಭಾಗಾಧಿಕಾರಿಯ ಕಚೇರಿಯಿಂದ ಪಡೆಯಬೇಕು. ಅಧಿಸೂಚನೆ ಹೊರಟ ಮೇಲೆ ಆ ಪತ್ರಕ್ಕಾಗಿ ಓಡಾಡಿ ಕೊನೆಯ ದಿನಾಂಕವನ್ನು ಕಳೆದುಕೊಳ್ಳುವವರು ಇಂದಿಗೂ ಇದ್ದಾರೆ.

ನಮ್ಮ ಹೆಮ್ಮೆಯೂ ಸ್ವಲ್ಪ ಒಂದೇ ಕಡೆಗೆ ವಾಲಿದೆ. 1989ರಲ್ಲಿ 18 ಮಕ್ಕಳಿಂದ ಆರಂಭವಾದ ಶಾಹೀನ್ ಸಂಸ್ಥೆಯಿಂದಾಗಿ ಬೀದರಿನ ಹೆಸರು ಇಂದು ವೈದ್ಯಕೀಯ ಪ್ರವೇಶದ ಫಲಿತಾಂಶಗಳಲ್ಲಿ ದೇಶದಾದ್ಯಂತ ಕೇಳಿಬರುತ್ತದೆ. ಅಲ್ಹಮ್ದುಲಿಲ್ಲಾಹ್. ಸೀಟು ಪಡೆದವರ ಭಾವಚಿತ್ರಗಳು ವೃತ್ತಗಳಲ್ಲಿ ರಾರಾಜಿಸುತ್ತವೆ. ಐಟಿಐ ಮುಗಿಸಿ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಫಿಟ್ಟರ್ ಆದವನ ಚಿತ್ರವನ್ನು ಯಾವ ಸಂಘಟನೆಯೂ ಹಾಕಿಸಿದ್ದನ್ನು ನಾನು ಕಂಡಿಲ್ಲ. ಮದರಸಾವನ್ನು 1472ರಲ್ಲಿ ಕಟ್ಟಿಸಿ ವಿದ್ಯಾರ್ಥಿಗಳಿಗೆ ಊಟ ವಸತಿಗಳನ್ನು ಒದಗಿಸಿದ ಮಹಮೂದ್ ಗವಾನ್ ಈ ನಾಡಿಗೆ ಬಂದದ್ದು ವ್ಯಾಪಾರಿಯಾಗಿ ಎಂಬುದನ್ನು ನೆನೆದರೆ, ಕಸುಬು ಮತ್ತು ವಿದ್ಯೆಗಳ ನಡುವೆ ನಾವು ಎಳೆದಿರುವ ಗೆರೆ ಎಷ್ಟು ಇತ್ತೀಚಿನದು ಎಂದು ತಿಳಿಯುತ್ತದೆ.

ಮಸೀದಿ ಸಮಿತಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಜುಮಾ ನಮಾಝಿನ ನಂತರ ಒಂದು ಗಂಟೆ, ಕನ್ನಡ ಬಲ್ಲ ಇಬ್ಬರು ಯುವಕರು ಒಂದು ಮೇಜು ಹಾಕಿ ಕುಳಿತುಕೊಳ್ಳಲಿ. ಹೆಂಗಸರಿಗಾಗಿ ಇನ್ನೊಂದು ದಿನ, ಓದಿದ ಹೆಣ್ಣುಮಕ್ಕಳೇ ಇರಲಿ. ನೆರೆಯ ಹಿಂದೂ ಕೂಲಿಕಾರ ಬಂದು ಕೇಳಿದರೂ ಅರ್ಜಿ ಬರೆದುಕೊಡಲಿ, ಉಮರ್(ರ) ಆ ವೃದ್ಧನ ಧರ್ಮವನ್ನು ನೋಡಿ ಹಿಂದಕ್ಕೆ ಕಳುಹಿಸಲಿಲ್ಲ. ಒಂದು ನೋಟುಪುಸ್ತಕದಲ್ಲಿ ಹೆಸರು, ಬಲ್ಲ ಕೆಲಸ, ಹಾಕಿದ ಅರ್ಜಿ, ದಿನಾಂಕ. ಮುಂದಿನ ಕಲಮಿನಲ್ಲಿ ಹದಿನೈದು ದಿನಗಳ ನಂತರದ ದಿನಾಂಕ. ಆ ದಿನ ಸಮಿತಿಯಿಂದ ಒಬ್ಬರು ಫೋನು ಮಾಡಿ ಅರ್ಜಿ ಎಲ್ಲಿಗೆ ಬಂತು, ತರಬೇತಿ ನಡೆಯುತ್ತಿದೆಯೇ, ಕಲಿಸುವವರು ಬರುತ್ತಿದ್ದಾರೆಯೇ ಎಂದು ಕೇಳಬೇಕು. ಕೆಲಸ ಸಿಕ್ಕಿದ್ದರೆ, ಯುವನಿಧಿಯನ್ನು ನಿಲ್ಲಿಸಲು ತಿಳಿಸಿದೆಯಾ ಎಂದೂ ಕೇಳಬೇಕು.

ಝಕಾತಿನ ವಿಷಯವೂ ಇದೆ. ಕಸುಬು ಬಲ್ಲ ಬಡವನಿಗೆ ಆತನ ಕಸುಬಿನ ಉಪಕರಣ ಕೊಳ್ಳುವಷ್ಟು ಝಕಾತ್ ನೀಡಬಹುದು, ಅದರ ಬೆಲೆ ಕಡಿಮೆಯಿರಲಿ ಹೆಚ್ಚಿರಲಿ ಎಂದು ಶಾಫಿಈ ವಿದ್ವಾಂಸರ ಅಭಿಪ್ರಾಯವನ್ನು ಇಮಾಮ್ ನವವಿ ವಿವರಿಸಿದ್ದಾರೆ. ತರಕಾರಿ ಮಾರುವವನಿಂದ ಹಿಡಿದು ಆಭರಣ ವ್ಯಾಪಾರಿಯವರೆಗೆ ಯಾರಿಗೆ ಎಷ್ಟು ಬೇಕಾದೀತೆಂಬ ಲೆಕ್ಕವೂ ಅಲ್ಲಿ ಬರುತ್ತದೆ. ನಮ್ಮಲ್ಲಿ ರಮಝಾನಿನಲ್ಲಿ ನೂರು, ಇನ್ನೂರು ರೂಪಾಯಿಗಳಂತೆ ಹಂಚಿಹೋಗುವ ಹಣ ಈದ್ ಮುಗಿಯುವುದರೊಳಗೆ ಕರಗುತ್ತದೆ. ಭಾಲ್ಕಿಯ ಒಂದು ಮಸೀದಿ, ಔರಾದ್‌ನ ಒಂದು ಮಸೀದಿ, ಬೀದರಿನ ನಾಲ್ಕು ಮೊಹಲ್ಲಾಗಳು ಬರುವ ರಮಝಾನಿನಲ್ಲಿ ತಮ್ಮ ಸಂಗ್ರಹದ ನಾಲ್ಕನೆಯ ಒಂದು ಭಾಗವನ್ನು ಉಪಕರಣಗಳಿಗೆಂದು ತೆಗೆದಿಟ್ಟು ನೋಡಲಿ. ಹೊಲಿಗೆ ಯಂತ್ರ, ವೆಲ್ಡಿಂಗ್ ಸೆಟ್, ವೈರಿಂಗ್ ಮಾಡುವವನ ಚೀಲ, ಬಿದ್ರಿ ಕೆಲಸದವನಿಗೆ ಉಳಿಗಳ ಒಂದು ಜೊತೆ ಮತ್ತು ಮೊದಲ ತಿಂಗಳ ಬೆಳ್ಳಿ. ತರಬೇತಿ ಮುಗಿಸಿಯೂ ಬಂಡವಾಳವಿಲ್ಲದೆ ಕುಳಿತಿರುವವರ ಹೆಸರುಗಳು ಆ ನೋಟುಪುಸ್ತಕದಲ್ಲಿಯೇ ಸಿಗುತ್ತವೆ.